ಅಡ್ಡ ಬಾರದವರಿಗೆಲ್ಲ ವಂದನೆ

ಮಳೆ ಹಿಡಿಯುವ ಮುನ್ನ, ಮೇ ಕೊನೆಯ ವಾರ, ನಮ್ಮೂರ ಹೊಳೆಗೆ ಕಿರುಸೇತುವೆ ಆಯಿತು. ಉದ್ಘಾಟನೆಯಲ್ಲಿ ಧನ್ಯವಾದ ಹೇಳುವ ಕೆಲಸ ನನ್ನ ಪಾಲಿಗೆ ಬಿದ್ದಿತ್ತು. ಶಾಸಕರಿಂದ ಹಿಡಿದು ಶಾಮಿಯಾನ ಕಟ್ಟಿದವರ ತನಕ ಹೆಸರು ಬರೆದ ಚೀಟಿಯೊಂದನ್ನು ಕೈಗಿತ್ತರು, ಓದಿ ಇಳಿದೆ. ನಡುಮಧ್ಯಾಹ್ನದ ಬಿಸಿಲಲ್ಲಿ, ಅತ್ತ ಊಟಕ್ಕೆ ಎಲೆ ಹಾಕುತ್ತಿರುವಾಗ, ಚೀಟಿಯಲ್ಲಿ ಇಲ್ಲದವರನ್ನು ನೆನೆಯುತ್ತ ಮೈಕ್ ಹಿಡಿದು ನಿಲ್ಲುವುದು ಸಭಿಕರಿಗೆ ಮಾಡುವ ದ್ರೋಹ. ಹಾಗಾಗಿ ಉಳಿದವರ ಲೆಕ್ಕವನ್ನು ಇಲ್ಲಿ ತೀರಿಸುತ್ತಿದ್ದೇನೆ. ಹೆಸರು ಹಾಕಿದರೆ ಬೈಯುವವರೇ ಹೆಚ್ಚು, ಅದಕ್ಕೆ ಹಾಕಿಲ್ಲ. ಊರವರಿಗೆ ಯಾರು ಯಾರೆಂದು ಗೊತ್ತಾಗುತ್ತದೆ.

ನಾನು ಕುಂದಾಪುರ ತಾಲೂಕಿನ ಒಳನಾಡಿನ ಒಂದು ಗ್ರಾಮ ಪಂಚಾಯತ್‌ನ ಗ್ರಂಥಾಲಯ ಮೇಲ್ವಿಚಾರಕಿ. ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿದೆ, ಮಕ್ಕಳ ಬಾಯಲ್ಲಿ ಲೈಬ್ರರಿ, ನಾನು ಲೈಬ್ರರಿಯಕ್ಕ. ಸೇತುವೆಯ ದುಡ್ಡು ಯಾವ ಯೋಜನೆಯದು, ಎಷ್ಟು ಲಕ್ಷ ಎಂಬುದೆಲ್ಲ ಅಲ್ಲಿ ನೆಟ್ಟ ಫಲಕದಲ್ಲಿದೆ. ಅದನ್ನು ಕೇಳಿ ಪಡೆದವರು ಆರನೇ, ಏಳನೇ ತರಗತಿಯ ಮಕ್ಕಳು ಎಂಬುದು ಫಲಕದಲ್ಲಿ ಇಲ್ಲ. ಕೇಳುವ ಧೈರ್ಯ ಅವರಿಗೆ ಬಂದದ್ದು ಆಟದಿಂದ. ಆಟಕ್ಕೆ ಅಡ್ಡ ಬಾರದೆ ಕೂತ ದೊಡ್ಡವರಿಗೆ ಮೊದಲ ವಂದನೆ ಸಲ್ಲಬೇಕು. ನಮ್ಮ ಕಡೆ ಸಹಾಯಕ್ಕೆ ಓಡಿ ಬರುವವರಿಗೆ ಬರವಿಲ್ಲ. ಮಕ್ಕಳು ಏನನ್ನೋ ಮಾಡುತ್ತಿರುವಾಗ ನಡುವೆ ಕೈ ಹಾಕದೆ ಸುಮ್ಮನೆ ಕೂರುವವರು ಸಿಗುವುದೇ ಕಷ್ಟ.

ಶುರುವಾದದ್ದು ಕೊರೊನಾ ಕಾಲದಲ್ಲಿ. ಪಂಚಾಯತ್ ಲೈಬ್ರರಿಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದಿದ್ದವು. 2020ರ ನವೆಂಬರ್‌ನಲ್ಲಿ ಮಕ್ಕಳನ್ನು ಓದಿಗೆ ಎಳೆಯುವ ‘ಓದುವ ಬೆಳಕು’ ಕಾರ್ಯಕ್ರಮ ಬಂತು. 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಶಾಲೆಗಳು ಮುಚ್ಚಿದ್ದವು. ಒಂದರಿಂದ ಐದನೇ ತರಗತಿಯವರಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಷ್ಟು ಕಾಲ ಮನೆಯಲ್ಲಿ ಮೊಬೈಲೂ ಸರಿಯಾದ ನೆಟ್‌ವರ್ಕೂ ಇಲ್ಲದ ಮಕ್ಕಳು ಗುಡ್ಡ, ಹಾಡಿ, ಹೊಳೆ ಎಂದು ಅಲೆದುಕೊಂಡಿದ್ದರು. ಲೈಬ್ರರಿಗೆ ಬಂದವರು ಪುಸ್ತಕಕ್ಕಾಗಿ ಬಂದವರಲ್ಲ. ಯುವಕ ಮಂಡಲದವರು ತಂದಿಟ್ಟಿದ್ದ ಕೇರಂ ಬೋರ್ಡು ಅವರನ್ನು ಕರೆದು ತಂದಿತ್ತು.

ಆಗ ನಮ್ಮ ಕೈಗೆ ಸಿಕ್ಕವರು ಮೇಲ್ಮನೆಯ ಅಜ್ಜಿ. ಅಟ್ಟದಲ್ಲಿ ಬಿದ್ದಿದ್ದ ಹಲಸಿನ ಮರದ ಚೆನ್ನೆಮಣೆಯನ್ನು ಒರೆಸಿ, ಎಣ್ಣೆ ಹಚ್ಚಿ, ತಾವೇ ಹೊತ್ತು ತಂದರು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿ. ಒಂದು ಗುಳಿಯ ಕಾಯಿ ಎತ್ತಿ ಒಂದೊಂದಾಗಿ ಹಾಕುತ್ತ ಹೋಗಬೇಕು, ಮುಂದಿನ ಗುಳಿ ಬರಿದಾಗಿದ್ದರೆ ಅದರಾಚೆಯದು ನಮ್ಮದು. ಕೇಳಲು ಇಷ್ಟೇ. ಆದರೆ ಎಲ್ಲಿಂದ ಎತ್ತಿದರೆ ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ಮನಸ್ಸಿನಲ್ಲಿ ಎಣಿಸಿಕೊಳ್ಳದವರು ಅಜ್ಜಿಯ ಎದುರು ಎರಡೇ ಸುತ್ತಿನಲ್ಲಿ ಬರಿಗೈ. ಲೆಕ್ಕದಲ್ಲಿ ಹಿಂದೆ ಎಂದು ಹೆಸರು ಪಡೆದಿದ್ದ ಹುಡುಗನೊಬ್ಬ ಮೂರು ವಾರದಲ್ಲಿ ಅಜ್ಜಿಯನ್ನು ಸೋಲಿಸಿದ. ಸೋತ ಅಜ್ಜಿ ಮರುದಿನ ಬೆಳಿಗ್ಗೆ ನಾನು ಬೀಗ ತೆಗೆಯುವ ಮೊದಲೇ ಜಗಲಿಯಲ್ಲಿ ಹಾಜರು, ಸೇಡು ತೀರಿಸಿಕೊಳ್ಳಲು.

ನಡುವೆ ನಾನು ಕಥೆ ಪುಸ್ತಕ ಹಿಡಿದು ಹೋದರೆ ಅಜ್ಜಿಯದು ಒಂದೇ ಮಾತು: “ಹೆಣ್ಣೆ, ಮಕ್ಕಳ್ನ ಆಡುಕೆ ಬಿಡ್ ಕಾಂಬ. ಪುಸ್ತಕ ಎಲ್ಲಿಗೂ ಓಡಿ ಹೋತಿಲ್ಲೆ.” ಪುಸ್ತಕ ಓಡಿ ಹೋಗಲಿಲ್ಲ, ನಿಜ. ಆಟದ ನಡುವೆ ಮಳೆ ಬಂದು ಹೊರಗೆ ಹೋಗಲಾಗದ ದಿನಗಳಲ್ಲಿ ಕಪಾಟು ತಾನಾಗಿ ತೆರೆಯಿತು. ಅಜ್ಜಿ ಕಳೆದ ವರ್ಷ ಆಸಾಡಿಯಲ್ಲಿ ತೀರಿಕೊಂಡರು. ಮಣೆ ಲೈಬ್ರರಿಯಲ್ಲೇ ಇರಲಿ ಎಂದು ಬಿಟ್ಟುಕೊಟ್ಟ ಅವರ ಮಗ, ಸೊಸೆಗೆ ನಾವು ಋಣಿ. ಹಳೆಯ ಮರದ ಸಾಮಾನಿಗೆ ಈಗ ಒಳ್ಳೆ ಬೆಲೆ ಇದೆ ಎಂಬುದು ಅವರಿಗೂ ಗೊತ್ತಿತ್ತು.

ನಮ್ಮೂರ ಕೆಂಪುಕಲ್ಲಿನ ಕೋರೆಗೆ ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕೆಲಸಕ್ಕೆ ಬರುವ ಕುಟುಂಬಗಳಿವೆ. ಆ ಮಕ್ಕಳು ಲೈಬ್ರರಿಯ ಮೆಟ್ಟಿಲ ತನಕ ಬಂದು ನಿಂತುಬಿಡುತ್ತಿದ್ದರು. ಒಂದು ದಿನ ಅವರಲ್ಲೊಬ್ಬಳು ಅಂಗಳದಲ್ಲೇ ಸೀಮೆಸುಣ್ಣದಿಂದ ಐದು ಅಡ್ಡ, ಐದು ಉದ್ದದ ಮನೆ ಬರೆದಳು. ಕವಡೆ ಇಲ್ಲದ್ದಕ್ಕೆ ಹುಣಸೆ ಬೀಜವನ್ನು ಒಂದು ಕಡೆ ಕಲ್ಲಿಗೆ ತಿಕ್ಕಿ ಬಿಳಿ ಮಾಡಿ, ನಾಲ್ಕು ಬೀಜ ಎಸೆದು ಚೌಕಾಬಾರ ಹೂಡಿದಳು. ನಾಲ್ಕೂ ಬೆಳ್ಳಗೆ ಬಿದ್ದರೆ ನಾಲ್ಕು, ನಾಲ್ಕೂ ಕಪ್ಪಗೆ ಬಿದ್ದರೆ ಎಂಟು. ಅರ್ಧ ಗಂಟೆಯಲ್ಲಿ ಒಳಗಿದ್ದವರೆಲ್ಲ ಹೊರಗೆ. ಆ ಹುಡುಗಿಯನ್ನು, ವರ್ಗಾವಣೆ ಪತ್ರ ತಾ ಎಂದು ಅಲೆಸದೆ, ಬಂದ ದಿನವೇ ತರಗತಿಗೆ ಕೂರಿಸಿದ ನಮ್ಮ ಹೆಡ್‌ಮಾಸ್ಟ್ರಿಗೆ ವಂದನೆ. ಪತ್ರ ಇಲ್ಲವೆಂದು ಮಗುವನ್ನು ಹೊರಗಿಡಬಾರದು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಕಾಯ್ದೆ ಹೇಳಿದ್ದನ್ನೆಲ್ಲ ಎಲ್ಲರೂ ಮಾಡುತ್ತಾರೆಂದೇನೂ ಇಲ್ಲವಲ್ಲ. ಇದೇ ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಆಟದ ಮೈದಾನ ಇರಬೇಕೆನ್ನುತ್ತದೆ. ನಮ್ಮ ಶಾಲೆಯ ಮೈದಾನದಲ್ಲಿ ಮದುವೆ ದಿಬ್ಬಣದ ವಾಹನ ನಿಲ್ಲಿಸುವುದನ್ನು ತಡೆದದ್ದೂ ಇವರೇ. ಬೈಸಿಕೊಂಡದ್ದೂ ಇವರೇ.

ಈಗ ಸೇತುವೆಗೆ ಬರುತ್ತೇನೆ. ಮಕ್ಕಳು ನಿಧಿ ಹುಡುಕುವ ಆಟವೊಂದನ್ನು ಕಟ್ಟಿಕೊಂಡಿದ್ದರು. ಒಂದು ತಂಡ ವಸ್ತು ಬಚ್ಚಿಟ್ಟು ನಕ್ಷೆ ಬರೆಯುವುದು, ಇನ್ನೊಂದು ತಂಡ ನಕ್ಷೆ ಹಿಡಿದು ಹುಡುಕುವುದು. ದಾರಿ ತಪ್ಪಿಸದಂತೆ ಬರೆಯಬೇಕೆಂಬ ನಿಯಮ ಇದ್ದದ್ದರಿಂದ ನಕ್ಷೆಗಳು ದಿನೇ ದಿನೇ ಚುರುಕಾದವು. ನಾಗಬನ, ದೈವದ ಗುಡಿ, ಕಚ್ಚುವ ನಾಯಿಯ ಮನೆ, ಒಡೆದ ತೂಬು, ಎಲ್ಲಕ್ಕೂ ಒಂದೊಂದು ಗುರುತು. ಕಾಲುಸಂಕಕ್ಕೆ ಎರಡು ಗೆರೆ. ಹಾಳೆಗಳನ್ನೆಲ್ಲ ಅಂಟಿಸಿ ಗೋಡೆಗೆ ಹಾಕಿದ ದಿನ ಏಳನೇ ತರಗತಿಯ ಹುಡುಗಿಯೊಬ್ಬಳು ನಿಂತು ನೋಡಿ, “ಅಕ್ಕ, ನಮ್ಮೂರಂಗೆ ಇಷ್ಟ್ ಸಂಕ ಇತ್ತಾ?” ಎಂದಳು. ಎಲ್ಲರೂ ಎಣಿಸಲು ನಿಂತರು.

ಕರಾವಳಿಯ ಆಚೆ ಇರುವವರಿಗೆ ಒಂದು ಮಾತು: ಸಂಕ ಎಂದರೆ ತೋಡಿಗೆ, ಹೊಳೆಗೆ ಅಡ್ಡ ಹಾಕಿದ ಅಡಿಕೆ ಮರವೋ ಇನ್ನಾವುದೋ ಮರದ ದಿಮ್ಮಿಯೋ. ಹಿಡಿದುಕೊಳ್ಳಲು ಒಂದು ಹಗ್ಗ ಇದ್ದರೆ ಪುಣ್ಯ. ಬೇಸಿಗೆಯಲ್ಲಿ ಅದರ ಮೇಲೆ ಓಡಬಹುದು. ಜೂನ್ ನಂತರ ಪಾಚಿ ಕಟ್ಟಿ ಜಾರುತ್ತದೆ, ಕೆಳಗೆ ಕೆಂಪು ನೀರು. 2022ರ ಮಳೆಗಾಲದಲ್ಲಿ ಬೈಂದೂರು ಕಡೆ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಹುಡುಗಿಯೊಬ್ಬಳು ಸಂಕದಿಂದ ಜಾರಿ ಹೋದದ್ದು ನಮ್ಮ ಮಕ್ಕಳಿಗೂ ಗೊತ್ತಿತ್ತು. ಗೋಡೆಯ ನಕ್ಷೆಯ ಎದುರು ಅಂದು ಯಾರೂ ಅವಳ ಮಾತು ಎತ್ತಲಿಲ್ಲ. ಎಣಿಸಿದ ಮೇಲೆ ಯಾವ ಸಂಕ ದಾಟಿ ಎಷ್ಟು ಮಕ್ಕಳು ಬರುತ್ತಾರೆ ಎಂದು ತಾವಾಗಿಯೇ ಪಕ್ಕದಲ್ಲಿ ಬರೆಯತೊಡಗಿದರು.

ನವೆಂಬರ್‌ನ ಮಕ್ಕಳ ಗ್ರಾಮಸಭೆಗೆ ಆ ನಕ್ಷೆ ಹೋಯಿತು. ಈ ಸಭೆ ಅನೇಕ ಕಡೆ ಹೇಗೆ ನಡೆಯುತ್ತದೆಂದು ನಿಮಗೂ ಗೊತ್ತು: ಸ್ವಾಗತ, ಭಾಷಣ, ಮೊದಲೇ ಬಾಯಿಪಾಠ ಮಾಡಿಸಿದ ಎರಡು ಪ್ರಶ್ನೆ, ಬಿಸ್ಕೀಟು. ಆಗಿನ ನಮ್ಮ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಮೇಡಂ ಅದನ್ನು ಒಪ್ಪಲಿಲ್ಲ. ಕುರ್ಚಿಗಳನ್ನು ಮಕ್ಕಳಿಗೆ ಬಿಟ್ಟು ಸದಸ್ಯರು, ಅಧಿಕಾರಿಗಳು ಚಾಪೆಯ ಮೇಲೆ. ಮಗು ತಡವರಿಸಿದಾಗ ಅದರ ಮಾತನ್ನು ನಾನೇ ಪೂರ್ತಿ ಮಾಡಲು ಎದ್ದರೆ, ಹಿಂದಿನಿಂದ ಒಬ್ಬ, “ಅಕ್ಕ, ನೀವ್ ಕೂಕಣಿ” ಎಂದ. ಮೇಡಂ ನಕ್ಕು ನನ್ನನ್ನು ಕೂರಿಸಿದರು. ಪ್ರತಿ ಬೇಡಿಕೆಗೂ ಯಾರು, ಯಾವಾಗ, ಆಗದಿದ್ದರೆ ಏಕೆ ಎಂದು ಬರೆಸಿ ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ ಓದಿಸಿದವರು ಅವರು. ಈಗ ವರ್ಗವಾಗಿ ಹೋಗಿದ್ದಾರೆ. ಉದ್ಘಾಟನೆಯ ಚೀಟಿಯಲ್ಲಿ ಅವರ ಹೆಸರು ಇರಲಿಲ್ಲ.

ನಮ್ಮ ತಾಲೂಕಿಗೆ ಇದರಲ್ಲಿ ಹಳೆಯ ಋಣವೊಂದಿದೆ. ದುಡಿಯುವ ಮಕ್ಕಳು 1990ರಲ್ಲಿ ಕಟ್ಟಿಕೊಂಡ ಭೀಮಸಂಘ, ಅವರ ಜತೆಗೆ ನಿಂತ ‘ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ, ಕನ್ಯಾನದ ‘ನಮ್ಮ ಭೂಮಿ’, ಇವುಗಳ ಹೆಸರು ಕೇಳದವರು ಇಲ್ಲಿ ಕಡಿಮೆ. 90ರ ದಶಕದ ನಡುವಿನಲ್ಲೇ ಕುಂದಾಪುರ ತಾಲೂಕಿನ ಕೆಲವು ಊರುಗಳಲ್ಲಿ ಮಕ್ಕಳು ತಾವೇ ಮತ ಹಾಕಿ ಮಕ್ಕಳ ಪಂಚಾಯತ್ ಆರಿಸಿಕೊಂಡಿದ್ದರು. ದೊಡ್ಡವರಲ್ಲಿ ಒಬ್ಬರನ್ನು ‘ಮಕ್ಕಳ ಮಿತ್ರ’ ಎಂದು ಗೊತ್ತುಮಾಡುವ ಅಧಿಕಾರವೂ ಅವರದೇ. ರಾಜ್ಯದ ಎಲ್ಲ ಪಂಚಾಯತ್‌ಗಳಿಗೂ ಮಕ್ಕಳ ಗ್ರಾಮಸಭೆ ಬಂದದ್ದು ಆಮೇಲೆ. ಅಂದು ದನ ಕಾಯುತ್ತ, ಹೋಟೆಲಿನಲ್ಲಿ ಲೋಟ ತೊಳೆಯುತ್ತ ಸಭೆಗೆ ಬರುತ್ತಿದ್ದ ಆ ಮಕ್ಕಳಿಗೆ ಈಗ ನಲವತ್ತು ದಾಟಿರಬೇಕು. ನೀವು ಬಡಿದು ತೆರೆದ ಬಾಗಿಲಿನಿಂದ ನಮ್ಮ ಮಕ್ಕಳು ಸಲೀಸಾಗಿ ಒಳಗೆ ಹೋದರು. ನಿಮಗೆ ಕೈಮುಗಿಯುತ್ತೇನೆ.

ಮೊದಲ ಸಭೆಯ ಬಳಿಕ ಕಡತ ಒಂದು ಕಚೇರಿಯ ಮೇಜಿನ ಮೇಲೆ ಮಲಗಿತು. ವಿಚಾರಿಸಲು ಹೋದರೆ, ನೀರು ಎಷ್ಟು ಏರುತ್ತದೆಂಬುದಕ್ಕೆ ದಾಖಲೆ ಎಲ್ಲಿ ಎಂದು ಕೇಳಿದರು. ಕೇಳಿದವರು ಓಡಿಸಲು ಕೇಳಿದ್ದು. ಮಕ್ಕಳು ಅದನ್ನು ಆಟವೆಂದೇ ಹಿಡಿದರು. ಹೊಳೆ ದಂಡೆಯ ತೆಂಗಿನ ಮರವೊಂದಕ್ಕೆ ಗೇಣು ಗೇಣಿಗೆ ಬಣ್ಣದ ಪಟ್ಟಿ ಬಳಿದು, ಮಳೆಗಾಲ ಪೂರ್ತಿ ಶಾಲೆಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದೂರದಿಂದಲೇ ನೋಡಿ ನೋಟ್‌ಬುಕ್ಕಿನಲ್ಲಿ ಬರೆದರು. ನಾಳೆ ಎಷ್ಟನೇ ಪಟ್ಟಿ ಮುಳುಗುತ್ತದೆ ಎಂದು ಪೇರಲೆ ಹಣ್ಣು ಪಣಕ್ಕಿಟ್ಟ ದಾಖಲೆಯೂ ಅದೇ ಪುಸ್ತಕದ ಹಿಂಬದಿಯಲ್ಲಿದೆ. ಸ್ಥಳ ನೋಡಲು ಬಂದ ಇಂಜಿನಿಯರರು ಆ ನೋಟ್‌ಬುಕ್ಕನ್ನು ತಮಾಷೆ ಮಾಡಲಿಲ್ಲ. ಜೀಪಿನ ಬಾನೆಟ್ ಮೇಲೆ ಹರಡಿ ಓದಿದರು, ಕೈಯಳತೆಯ ಗೇಣನ್ನು ಟೇಪಿನಿಂದ ಅಳೆದು ಮೀಟರಿಗೆ ಇಳಿಸಿದರು, ಅತಿ ಹೆಚ್ಚು ನೀರು ಬಂದ ದಿನದ ಪಟ್ಟಿಗಿಂತ ಮೇಲೆ ಸೇತುವೆಯ ತಳ ಬರಬೇಕು ಎಂದು ಮಕ್ಕಳಿಗೇ ವಿವರಿಸಿದರು. ಸಾರ್, ಅಂದಿನಿಂದ ನಮ್ಮಲ್ಲಿ ಇಬ್ಬರು ಇಂಜಿನಿಯರ್ ಆಗುತ್ತೇವೆ ಎನ್ನುತ್ತಿದ್ದಾರೆ. ಒಬ್ಬಳು ನಿಮ್ಮ ಜೀಪಿನ ಡ್ರೈವರ್ ಆಗುತ್ತಾಳಂತೆ.

ಭಾಗವತರನ್ನು ಬಿಟ್ಟರೆ ಈ ಬರಹ ಕುಂದಾಪುರದ್ದಾಗುವುದಿಲ್ಲ. ಮಕ್ಕಳು ಯಕ್ಷಗಾನ ಆಡುವುದು ನಮ್ಮ ಸೀಮೆಗೆ ಹೊಸತಲ್ಲ. 1970ರ ದಶಕದಲ್ಲಿ ಕಾರ್ಕಡ ಶ್ರೀನಿವಾಸ ಉಡುಪರು, ಎಚ್. ಶ್ರೀಧರ ಹಂದೆಯವರು ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳವನ್ನು ನೋಡಿ ಬೆಳೆದವರು ನಮ್ಮೂರಲ್ಲೇ ಇದ್ದಾರೆ. ನಮ್ಮ ಭಾಗವತರು ಭಾನುವಾರ ಸಂಜೆ ಪಂಚಾಯತ್ ಸಭಾಂಗಣದಲ್ಲಿ ಹೆಜ್ಜೆ ಕಲಿಸುತ್ತಾರೆ. ಗುರುದಕ್ಷಿಣೆ ಎಂದರೆ ಒಂದು ಲೋಟ ಚಾ, ಅದೂ ಸಕ್ಕರೆ ಇಲ್ಲದ್ದು. ಮೊದಲ ವರ್ಷ ಹೆಣ್ಣುಮಕ್ಕಳಿಗೆ ಸ್ತ್ರೀವೇಷವೇ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಒಬ್ಬಳು ತನಗೆ ಬಣ್ಣದ ವೇಷವೇ, ಅಂದರೆ ರಾಕ್ಷಸನ ಪಾತ್ರವೇ ಬೇಕೆಂದು ಹಟ ಹಿಡಿದಳು. ಭಾಗವತರು ಅವಳ ಕಡೆ ನೋಡಿ, “ಆರ್ಭಟೆ ಕೊಡು ಕಾಂಬ” ಎಂದರು. ಕೊಟ್ಟಳು. ಹೊರಗೆ ಕಟ್ಟಿಹಾಕಿದ್ದ ಕರು ಹಗ್ಗ ಜಗ್ಗಿತು. ವೇಷ ಅವಳಿಗೇ ಆಯಿತು. ಗ್ರಾಮಸಭೆಯಲ್ಲಿ ಮೈಕ್ ಕೆಟ್ಟಾಗ ಸಂಕದ ಪಟ್ಟಿಯನ್ನು ಹಿಂದಿನ ಸಾಲಿಗೂ ಕೇಳುವಂತೆ ಓದಿದವಳು ಇವಳೇ.

ಇನ್ನು ಬೇಗ ಬೇಗ. ಶಿಬಿರದ ದಿನಗಳಲ್ಲಿ ಅವಲಕ್ಕಿ, ಮಜ್ಜಿಗೆ ಮಾಡಿಕೊಟ್ಟು ಲೆಕ್ಕ ಕೇಳದ ಸಂಜೀವಿನಿ ಸಂಘದ ಅಕ್ಕಂದಿರಿಗೆ. ಮಳೆಯಲ್ಲಿ ದೂರದ ಮಕ್ಕಳನ್ನು ರಿಕ್ಷಾದಲ್ಲಿ ಬಿಟ್ಟು ಬಂದು ಬಾಡಿಗೆ ಮರೆತ ಅಣ್ಣನಿಗೆ. ಸೇತುವೆಯ ದಂಡೆಗೆ ತಮ್ಮ ಗದ್ದೆಯ ಅಂಚು ಬಿಟ್ಟುಕೊಟ್ಟ ಕೆಳಬೈಲಿನ ಇಬ್ಬರು ಅಣ್ಣತಮ್ಮಂದಿರಿಗೆ (ಅವರಿಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಿದ್ದನ್ನು ಊರು ಬಹಳ ವರ್ಷದ ಮೇಲೆ ಕಂಡಿತು). ಸಂಜೆ ಆರರ ನಂತರವೂ ನಾನು ಮನೆ ಸೇರದಾಗ ಅನ್ನಕ್ಕೆ ಇಟ್ಟ ಅತ್ತೆಯವರಿಗೆ ವಂದನೆ. ಅತ್ತೆಯವರು ಇದನ್ನು ಓದುವುದಿಲ್ಲ, ಓದಿ ಹೇಳುವವರಿದ್ದಾರೆ.

ಸಂಕಗಳು ಇನ್ನೂ ಉಳಿದಿವೆ. ಹೊಸ ಪಿಡಿಒ ಅವರಿಗೆ ಮಕ್ಕಳು ನಕ್ಷೆಯ ಪ್ರತಿ ಕೊಟ್ಟಾಗಿದೆ. ಬರುವ ನವೆಂಬರ್‌ನ ಸಭೆಗೆ ದೊಡ್ಡವರೂ ಬರಬಹುದು, ಚಾಪೆ ಸಾಕಷ್ಟಿದೆ.

ಕೊನೆಗೊಂದು ಪ್ರಕಟಣೆ. ಲೈಬ್ರರಿಯಿಂದ ಒಯ್ದ ಪುಸ್ತಕ ಹಿಂದಿರುಗಿಸದವರ ಪಟ್ಟಿಯನ್ನು ಮಕ್ಕಳ ಸಮಿತಿ ತಯಾರು ಮಾಡಿದೆ. ಅದರಲ್ಲಿ ಮಕ್ಕಳು ಮೂವರು, ಉಳಿದವರೆಲ್ಲ ದೊಡ್ಡವರು. ವೇದಿಕೆಯ ಮೇಲಿದ್ದ ಒಬ್ಬರ ಹೆಸರೂ ಇದೆ. ಪಟ್ಟಿಯನ್ನು ಗೋಡೆಗೆ ಅಂಟಿಸುವುದಾಗಿ ಸಮಿತಿ ನಿರ್ಣಯಿಸಿದೆ. ಅಡ್ಡ ಬರಲು ನನಗೆ ಅಧಿಕಾರವಿಲ್ಲ. ಸೋಮವಾರದೊಳಗೆ ತಂದುಕೊಟ್ಟರೆ ಒಳ್ಳೆಯದು.