ಮುದ್ರೆ ನಿನ್ನ ಕೈಯಲ್ಲೇ ಇರಲಿ

ಬೀದರ್

ಚಿರಂಜೀವಿ ಪುಟ್ಟಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ನೀನು ತಹಶೀಲ್ದಾರ್ ಆದ ಸುದ್ದಿ ಬಂದ ದಿನವೇ ನಿನ್ನ ಕಾಕಿ ಓಣಿಗೆಲ್ಲ ಪೇಡಾ ಹಂಚಿದಳು. ಒಂದು ಮಾತು ಹೇಳಬೇಕಿತ್ತು. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಸಣ್ಣವಳಿದ್ದಾಗ ಇಲ್ಲಿನ ಹಳೇ ಮದರಸಾ ನೋಡಲು ಬರುತ್ತಿದ್ದೆ, ನೆನಪಿದೆ ಅಲ್ವಾ? ಅದೇ, ಒಂದೇ ಮಿನಾರು ಉಳಿದಿರುವ ಕಟ್ಟಡ. 1472ರಲ್ಲಿ ಅದನ್ನು ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನ್ ಕಡೆಯವನು. ವ್ಯಾಪಾರಕ್ಕೆ ಬಂದವನು ಬಹಮನಿ ಸುಲ್ತಾನರ ಪ್ರಧಾನಿಯಾದ.

ಹೊರಗಿನಿಂದ ನೋಡಿದರೆ ಸುಲ್ತಾನನ ಮಾತೇ ಕಾನೂನು. ಒಳಗಿನ ಲೆಕ್ಕ ಬೇರೆ. ಗುಲ್ಬರ್ಗ, ದೌಲತಾಬಾದ್, ಬೀದರ್, ಬೇರಾರ್ ಅಂತ ನಾಲ್ಕು ತರಫುಗಳು, ಅಂದರೆ ಪ್ರಾಂತ್ಯಗಳು. ಒಂದೊಂದಕ್ಕೂ ಒಬ್ಬ ತರಫ್‌ದಾರ. ಕಂದಾಯ ಅವನದು, ಸೈನ್ಯ ಅವನದು, ಕೋಟೆಗಳೂ ಅವನ ಕೈಯಲ್ಲೇ. ಅವನು ಮುನಿಸಿಕೊಂಡರೆ ಸುಲ್ತಾನ ಏನು ಮಾಡಬೇಕು? ಗವಾನ್ ಇದಕ್ಕೇ ಕೈ ಹಾಕಿದ. ನಾಲ್ಕು ತರಫನ್ನು ಎಂಟು ಮಾಡಿದ. ತರಫ್‌ದಾರನಿಗೆ ಒಂದೇ ಕೋಟೆ ಬಿಟ್ಟು, ಉಳಿದ ಕೋಟೆಗಳಿಗೆ ಸುಲ್ತಾನನ ಕಡೆಯಿಂದಲೇ ಅಧಿಕಾರಿಗಳನ್ನು ನೇಮಿಸಿದ. ಜಮೀನು ಅಳೆಸಿದ. ಸೈನಿಕರ ಸಂಖ್ಯೆ ಲೆಕ್ಕಕ್ಕಿಂತ ಕಡಿಮೆ ಬಂದರೆ, ಅವರ ಪಾಲಿನ ಹಣ ಖಜಾನೆಗೆ ವಾಪಸ್ ಕಟ್ಟಬೇಕಿತ್ತು. ಸುಮ್ನೆ ತಿನ್ನುತ್ತಿದ್ದವರಿಗೆ ಇದು ಎಷ್ಟು ಉರಿದಿರಬೇಕು ನೋಡು. ಇಲ್ಲಿಯವರೇ ಆದ ದಖ್ಖನಿಗಳು, ಗವಾನ್‌ನಂತೆ ಹೊರಗಿನಿಂದ ಬಂದ ಪರದೇಶಿಗಳು ಅಂತ ಆಸ್ಥಾನ ಮೊದಲೇ ಎರಡು ಹೋಳಾಗಿತ್ತು.

ವೈರಿಗಳು ಗವಾನ್‌ನ ಮುದ್ರೆ ಇಟ್ಟುಕೊಂಡಿದ್ದವನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿಕೊಂಡರು. ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆಯುವ ಪತ್ರವನ್ನು ಅದರಲ್ಲಿ ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ಶಾ ಕೇಳಿದಾಗ, ಮುದ್ರೆ ನನ್ನದೇ, ಬರಹ ನನ್ನದಲ್ಲ ಅಂದ ಗವಾನ್. ಸುಲ್ತಾನ ವಿಚಾರಣೆ ಮಾಡಲಿಲ್ಲ. 1481ರ ಏಪ್ರಿಲ್ 5ರಂದು ತಲೆ ತೆಗೆಸಿದ. ಆಮೇಲೆ ನಿಜ ತಿಳಿದು ಕೊರಗಿದ. ಒಂದು ವರ್ಷದೊಳಗೆ ತಾನೂ ತೀರಿಕೊಂಡ. ಪಟ್ಟಕ್ಕೆ ಬಂದವನು ಇನ್ನೂ ಹುಡುಗ. ಹತ್ತು ವರ್ಷ ಕಳೆಯುವುದರೊಳಗೆ ರಾಜ್ಯ ಒಡೆಯಲು ಶುರುವಾಯಿತು, ಕೊನೆಗೆ ಐದು ತುಂಡಾಯಿತು.

ಈ ಕಥೆ ಓದಿದಾಗಲೆಲ್ಲ ನನ್ನ ಎದೆ ಭಾರವಾಗುತ್ತದೆ, ಪುಟ್ಟಿ. ನನ್ನ ಸರ್ವಿಸಿನಲ್ಲಿ ಒಮ್ಮೆ ಊರಿಗೆ ಹೊರಡುವ ಗಡಿಬಿಡಿಯಲ್ಲಿ ಎರಡು ಖಾಲಿ ಹಾಳೆಗೆ ಸಹಿ ಹಾಕಿ ಕೊಟ್ಟಿದ್ದೆ. ಒಂದರಲ್ಲಿ ಒಬ್ಬ ರೈತನ ಹೊಲ ಬೇರೆಯವರ ಹೆಸರಿಗೆ ಹೋಯಿತು. ಸರಿ ಮಾಡಿಸಲು ಅವನು ಎರಡು ವರ್ಷ ಅಲೆದ. ಅವನ ಮುಖ ಇನ್ನೂ ಮರೆತಿಲ್ಲ.

ನಿನ್ನ ಸೀಲು, ನಿನ್ನ ಡಿಜಿಟಲ್ ಸಹಿಯ ಕೀಲಿ, ಎಷ್ಟೇ ನಂಬಿಕಸ್ಥರಿರಲಿ, ಬೇರೆಯವರ ಡ್ರಾಯರಿನಲ್ಲಿ ಇಡಬೇಡ. ಯಾರ ಮೇಲಾದರೂ ದೂರು ಬಂದರೆ ಮೊದಲು ಅವರನ್ನೇ ಎದುರಿಗೆ ಕೂರಿಸಿ ಕೇಳು. ಕೋಪ ಬಂದ ದಿನ ಆದೇಶ ಬರೆಯಬೇಡ, ಮಾರನೇ ದಿನ ಬರೆ.

ದೀಪಾವಳಿಗೆ ರಜೆ ಸಿಕ್ಕರೆ ಬಾ. ಗವಾನ್‌ನ ಗೋರಿ ಊರ ಹೊರಗೇ ಇದೆ. ಇಬ್ಬರೂ ಬೆಳಿಗ್ಗೆ ಹೋಗಿ ಬರೋಣ.

ನಿನ್ನ ಕಾಕಾ