ಭಾನುವಾರದ ಪೋಸ್ಟ್‌ಗೆ ಮುಂಚೆ ಒಂದು ಮಾತು

ಎಲ್ಲರಿಗೂ ನಮಸ್ಕಾರ. ನಾವಿರುವುದು ಮೂವತ್ತೆಂಟೇ ಜನ, ವಿಷಯ ಮಾತ್ರ ಇಡೀ ಬೆಂಗಳೂರಿನದು: ಸಮಯಕ್ಕೆ ನಡೆಯದ ಪಾಲಿಕೆ ಚುನಾವಣೆ.

ನಿನ್ನೆ ನಮ್ಮ ಬೀದಿ ಕೊನೆಯಲ್ಲಿ ಹೂವು ಕಟ್ಟುವ ಅಮ್ಮ ಕೇಳಿದರು: "ಈ ಚರಂಡಿ ಕಲ್ಲು ಮುರಿದು ಒಂದು ಮಳೆಗಾಲ ಕಳೀತು. ಯಾರಿಗೆ ಹೇಳೋದಪ್ಪಾ?" ನಮ್ಮ ಗುಂಪು ಹುಟ್ಟಿದ್ದೇ ಈ ಪ್ರಶ್ನೆಯಿಂದ ಅಲ್ವಾ? 2015ರ ಆಗಸ್ಟ್‌ನಲ್ಲಿ ಪಾಲಿಕೆಯ 198 ವಾರ್ಡ್‌ಗಳಿಗೆ ಚುನಾವಣೆ ನಡೆಯಿತು. 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರ್‌ಗಳೇ ಇರಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಯು ವಿಧಿಯೇ ಹೇಳುತ್ತದೆ. ಇದನ್ನು ಜನಕ್ಕೆ ತಿಳಿಸಬೇಕು.

ಉದ್ದುದ್ದ ಮೆಸೇಜ್ ಬೇಡ. ನಿಮ್ಮ ಬೀದಿಯದೇ ಒಂದು ಫೋಟೊ, ಕೆಳಗೆ ಎರಡು ಸಾಲು ಕನ್ನಡ, ವಾರ್ಡ್ ಹೆಸರು. ಸಾಕು. ಸುಮ್ನೆ ಫಾರ್ವರ್ಡ್ ಮಾಡಬೇಡಿ, ನಿಮ್ಮ ಮಾತಲ್ಲೇ ಬರೆಯಿರಿ. ಪರಿಚಯದವರು ಬರೆದಿದ್ದನ್ನು ಜನ ನಿಂತು ಓದುತ್ತಾರೆ. ಸ್ಟೇಟಸ್ 24 ಗಂಟೆಗೆ ಹೋಗಿಬಿಡುತ್ತದೆ, ಹಾಗಾಗಿ ಅಪಾರ್ಟ್‌ಮೆಂಟ್ ಗುಂಪಿಗೂ ಹಾಕಿ. ಯಾರ ಮುಖವೂ ಗಾಡಿ ನಂಬರೂ ಕಾಣಬಾರದು. ಯಾವ ಪಕ್ಷವನ್ನೂ ಬೈಯುವುದು ಬೇಡ.

ಮೊದಲ ಪೋಸ್ಟ್ ಹೂವಿನ ಅಮ್ಮನ ಪ್ರಶ್ನೆಯೇ. ಅವರನ್ನು ಕೇಳಿದೆ, ಖುಷಿಯಿಂದ ಒಪ್ಪಿದರು. ನಿಮ್ಮ ಫೋಟೊಗಳನ್ನು ಶನಿವಾರ ಸಂಜೆಯೊಳಗೆ ಇಲ್ಲಿ ಹಾಕಿ.