ಮರಿ ಹಾಕುವ ಕುರಿಗಳ ಜಂತುಹುಳು: ಸದಸ್ಯರ ಗಮನಕ್ಕೆ

ಸದಸ್ಯರಿಗೆ ನಮಸ್ಕಾರ. ಮರಿ ಹಾಕುವುದಕ್ಕೆ ಸುಮಾರು 2 ವಾರ ಮೊದಲಿನಿಂದ, ಈದು 6ರಿಂದ 8 ವಾರ ಕಳೆಯುವವರೆಗೆ ತಾಯಿ ಕುರಿಯ ರೋಗನಿರೋಧಕ ಶಕ್ತಿ ಕುಗ್ಗುವುದರಿಂದ, ಹೊಟ್ಟೆಯಲ್ಲಿ ಅಡಗಿದ್ದ ಜಂತುಗಳು ಬಲಿತು, ಹಿಕ್ಕೆಯೊಂದಿಗೆ ಅಪಾರ ಮೊಟ್ಟೆಗಳು ಹೊರಬಿದ್ದು, ಎಳೆಮರಿಗಳು ಮೇಯುವ ಹುಲ್ಲಿಗೇ ಸೋಂಕು ಸೇರುತ್ತದೆ. ರಕ್ತ ಹೀರುವ ಹೀಮಾಂಕಸ್ ಹುಳು ಇವುಗಳಲ್ಲಿ ಅತ್ಯಂತ ಅಪಾಯಕಾರಿ. ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ನೋಡಿದಾಗ ಒಳಭಾಗ ಕೆಂಪಿರದೆ ಸುಣ್ಣದಂತೆ ಬಿಳಿಚಿದ್ದರೆ, ಅಥವಾ ಸಂಜೆ ದೊಡ್ಡಿಗೆ ಮರಳಿದ ಕುರಿಯ ಗದ್ದದ ಕೆಳಗೆ ನೀರು ತುಂಬಿದ ಬಾವು ಕಂಡರೆ (ಬೆಳಿಗ್ಗೆ ಇದು ಇಳಿದಿರುವುದೂ ಉಂಟು), ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಉಳಿದವುಗಳಿಗೆ ಹಿಕ್ಕೆ ಪರೀಕ್ಷೆ ಮಾಡಿಸಿಯೇ ಔಷಧ ಕುಡಿಸುವುದು ಸೂಕ್ತ. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಎಂಬ ಜಂತುನಾಶಕ ಔಷಧ ಬೇಡ. ಕಣ್ಣಂದಾಜಿನಲ್ಲಿ ಕುಡಿಸುವ ನಮ್ಮ ಹಳೆಯ ರೂಢಿಯಿಂದ ಪ್ರಮಾಣ ಕಡಿಮೆಯಾಗಿ, ಔಷಧಕ್ಕೆ ಜಗ್ಗದ ಹುಳುಗಳೇ ಉಳಿದುಕೊಳ್ಳುತ್ತವೆ. ಆದ್ದರಿಂದ ಕುರಿಯನ್ನು ತೂಗಿಯೇ ಕುಡಿಸಿರಿ.